ಗ್ವಾಡ್ಯಾಗ ತತ್ತಿ ಐತೇನು?

ಕ್ಯಾಲಿಫೋರ್ನಿಯಾದಲ್ಲಿ ಮಕ್ಕಳು ನಾಲ್ಕನೇ ಕ್ಲಾಸಿಗೆ ಬಂದರೆಂದರೆ ಮನೆಮನೆಯಲ್ಲೂ ಕೋಟೆ ಕಟ್ಟುವ ಕೆಲಸ ಶುರುವಾಗುತ್ತದೆ. ಅದಕ್ಕೆ ಅಲ್ಲಿಯವರು ಮಿಶನ್ ಎನ್ನುತ್ತಾರೆ. ಇನ್ನೂರು ಚಿಲ್ಲರೆ ವರ್ಷಗಳ ಹಿಂದೆ ಸ್ಪೇನಿನ ಪಾದ್ರಿಗಳು ಸ್ಯಾನ್ ಡಿಯಾಗೋದಿಂದ ಉತ್ತರಕ್ಕೆ ಸಾಲಾಗಿ ಎಬ್ಬಿಸಿದ ಮಠಗಳು ಅವು. ದಪ್ಪ ಗೋಡೆ, ನಡುವೆ ಅಂಗಳ, ಒಂದು ಮೂಲೆಯಲ್ಲಿ ಸಿಪಾಯಿಗಳ ಕೋಣೆ, ಇನ್ನೊಂದು ಕಡೆ ಗಂಟೆಗಳು ತೂಗುವ ಗೋಡೆ. ಅವುಗಳಲ್ಲಿ ಒಂದರ ಮಾದರಿ ಮಾಡಿ ತರಬೇಕೆಂದು ಶಾಲೆಯ ಅಪ್ಪಣೆ. ಮಾಡುವವರು ಮಕ್ಕಳು ಎನ್ನುವುದು ಹೆಸರಿಗೆ ಮಾತ್ರ. 2007ರ ಚಳಿಗಾಲದಲ್ಲಿ ವಾಲ್‌ನಟ್ ಎಂಬ ಊರಿನ ನಮ್ಮ ಮನೆಯ ಊಟದ ಮೇಜು ಇಂಥ ಒಂದು ಕೋಟೆಯ ವಶವಾಯಿತು. ಪಾಸ್ತಾ ಕೊಳವೆಗಳನ್ನು ಅರ್ಧ ಬೇಯಿಸಿ, ಉದ್ದಕ್ಕೆ ಸೀಳಿ, ಒಣಗಿಸಿ ಹೆಂಚು ಮಾಡುವ ಕೆಲಸ ನನ್ನ ಪಾಲಿಗೆ ಬಂತು. ನನ್ನ ಗಂಡ ಕಲ್ವರ್ ಸಿಟಿಯ ಆಫೀಸಿನಿಂದ ಟ್ರಾಫಿಕ್ಕಿನಲ್ಲಿ ಸಿಕ್ಕಿ ಸುಸ್ತಾಗಿ ಬಂದವರು ಶೂ ಬಿಚ್ಚುವ ಮೊದಲೇ ಸ್ಕೇಲ್ ಹಿಡಿದು ಕಮಾನು ಅಳೆಯುತ್ತಿದ್ದರು. ಕೋಟೆಯ ಒಡತಿಯಾಗಬೇಕಾಗಿದ್ದ ಒಂಬತ್ತು ವರ್ಷದ ಮಗಳು ಸೋಫಾದ ಮೇಲೆ ಕಾಲು ಚಾಚಿ ಟೀವಿ ನೋಡುತ್ತಿದ್ದಳು.

ಆಗ ನನ್ನ ಅವ್ವ ನಮ್ಮ ಮನೆಯಲ್ಲಿದ್ದಳು. ದಸರೆ ಮುಗಿಸಿಕೊಂಡು ಆರು ತಿಂಗಳ ಮಟ್ಟಿಗೆ ಬಿಜಾಪುರದಿಂದ ಬಂದಿದ್ದಳು. ಮೇಜಿಗೆ ಕೋಟೆ ಬಂದು ನಾವೆಲ್ಲ ನೆಲದ ಮೇಲೆ ಕೂತು ಉಣ್ಣುವಂತಾದದ್ದು ಅವಳಿಗೆ ಬಲು ಖುಷಿ ಕೊಟ್ಟಿತ್ತು. "ಈ ಕ್ವಾಟಿ ದೆಸಿಯಿಂದ ನೀವು ಮನಷ್ಯಾರಂಗ ಕುಂತು ಉಣ್ಣೂದು ಕಲತ್ರಿ ನೋಡ್ರಿ," ಎಂದಿದ್ದಳು.

ಅವ್ವನ ದನಿಯ ಬಗ್ಗೆ ಮೊದಲೇ ಹೇಳಿಬಿಡಬೇಕು. ಬಿಜಾಪುರದಲ್ಲಿ ಹಳೇ ಕೋಟೆಗೋಡೆಗೆ ಬೆನ್ನು ಹಾಕಿದ ಓಣಿಯಲ್ಲಿ ನಮ್ಮ ಮನೆ. ಅವ್ವ ಅಡಿಗೆಮನೆಯಲ್ಲಿ ನಿಂತು ಮಾತಾಡಿದರೆ ಓಣಿಯ ತುದಿಯ ಹಿಟ್ಟಿನ ಗಿರಣಿಯವನು ಗಿರಣಿ ನಿಲ್ಲಿಸದೆಯೇ ಉತ್ತರ ಕೊಡುತ್ತಿದ್ದ. ಬಳೆಗಾರ, ಹಾಲಿನವಳು, ದಾರಿ ತಪ್ಪಿ ಬಂದ ಟೂರಿಸ್ಟು, ಯಾರೇ ಸಿಕ್ಕರೂ ಅವಳಿಗೆ ಮಾತು ಬೇಕು. ಒಮ್ಮೆ ಗೋಳಗುಮ್ಮಟ ನೋಡಲು ಬಂದ ಪರದೇಶದ ಗಂಡಹೆಂಡಿರನ್ನು ಮನೆಗೆ ಕರೆದು, ಒಂದಕ್ಷರ ಇಂಗ್ಲಿಷ್ ಇಲ್ಲದೆ, ಅವರ ಮಕ್ಕಳು ಮದುವೆ ವಯಸ್ಸಿಗೆ ಬಂದಿವೆಯೇ ಇಲ್ಲವೇ ಎಂಬುದನ್ನೆಲ್ಲ ತಿಳಿದುಕೊಂಡು, ಶೇಂಗಾ ಚಟ್ನಿ ಕಟ್ಟಿ ಕಳಿಸಿದ್ದಳು. ನನಗೆ ಅವ್ವ ಎಂದರೆ ಮೊದಲು ನೆನಪಾಗುವುದು ಮುಖವಲ್ಲ, ಆ ದನಿ.

ಅಂಥ ಅವ್ವ ವಾಲ್‌ನಟ್‌ಗೆ ಬಂದ ಮೂರನೇ ತಿಂಗಳಲ್ಲಿ ಮಂದಿಯ ಮುಂದೆ ಬಾಯಿ ಬಿಡುವುದನ್ನೇ ನಿಲ್ಲಿಸಿಬಿಟ್ಟಳು. ಅದಕ್ಕೆ ಕಾರಣ ಒಂದೇ ಒಂದು ಪದ.

ನಮ್ಮ ಕಡೆ ಮೊಟ್ಟೆಗೆ ತತ್ತಿ ಎನ್ನುತ್ತಾರೆ. ಅವ್ವ ತತ್ತಿ ಮುಟ್ಟುವವಳಲ್ಲ. ಆದರೆ ತತ್ತಿ ಎಲ್ಲೆಲ್ಲಿ ಅಡಗಿ ಕುಳಿತಿರುತ್ತದೆ ಎಂಬ ವಿಷಯದಲ್ಲಿ ಅವಳಿಗೆ ಪೊಲೀಸರಿಗಿಂತ ಹೆಚ್ಚಿನ ಅನುಮಾನ. ಬಿಸ್ಕೀಟಿನ ಪೊಟ್ಟಣ ಇರಲಿ, ಬ್ರೆಡ್ ಇರಲಿ, ಮೊದಲು ನನ್ನ ಕೈಗೆ ಕೊಟ್ಟು, "ಓದು, ತತ್ತಿ ಐತೇನು?" ಎನ್ನುವಳು. ಮಗಳ ಹುಟ್ಟುಹಬ್ಬಕ್ಕೆ ಊರಿನ ಕನ್ನಡದವರನ್ನೆಲ್ಲ ಕರೆದಿದ್ದೆವು. ಬಹುತೇಕ ಎಲ್ಲರೂ ಬೆಂಗಳೂರಿನವರು. ಕೇಕ್ ಕತ್ತರಿಸುವ ಹೊತ್ತಿಗೆ ಅವ್ವ ಹಾಲ್‌ನ ಆ ತುದಿಯಿಂದ ಈ ತುದಿಗೆ ಕೇಳುವಂತೆ ಕೂಗಿದಳು: "ಯವ್ವಾ, ಆ ಕೇಕಿನ್ಯಾಗ ತತ್ತಿ ಹಾಕ್ಯಾರೇನು?"

ಹಿಂದಿಯಲ್ಲಿ ಹೆಚ್ಚುಕಡಿಮೆ ಹಾಗೆಯೇ ಕೇಳಿಸುವ ಇನ್ನೊಂದು ಪದವಿದೆ. ಅದರ ಅರ್ಥ ಮಲ. ಅಲ್ಲಿದ್ದವರಿಗೆಲ್ಲ ಹಿಂದಿ ಚೆನ್ನಾಗಿ ಬರುತ್ತಿತ್ತು. ಸ್ಯಾನ್ ಡಿಯಾಗೋದಿಂದ ಬಂದಿದ್ದ ನನ್ನ ಗೆಳತಿ ಮೊದಲು ನಕ್ಕಳು. ಅವಳ ನಗು ಕುಕ್ಕರಿನ ಸೀಟಿಯ ಥರ, ಒಮ್ಮೆ ಶುರುವಾದರೆ ತಡೆಯಲಾಗದು. ಅವಳ ಹಿಂದೆ ಎಲ್ಲರೂ ನಕ್ಕರು. ಮಕ್ಕಳಿಗೂ ಅರ್ಥ ತಿಳಿಯಿತು. ಆಮೇಲೆ ಕೇಳಬೇಕೇ? ಕೇಕಿನ ಸುತ್ತ ಕುಣಿಯುತ್ತ ಆ ಪದವನ್ನೇ ಹಾಡಿದವು. ಎಲ್ಲರಿಗಿಂತ ಜೋರಾಗಿ ಹಾಡಿದವಳು ನನ್ನ ಮಗಳೇ.

"ಯಾಕ ನಗಾಕತ್ತಾರ?" ಎಂದು ಅವ್ವ ಕೇಳಿದಳು. ನನ್ನ ಗಂಡ, ಪಾಪ, ಸುಳ್ಳು ಬಾರದ ಮನುಷ್ಯ, ಮೆಲ್ಲಗೆ ಹೇಳಿದರು. ಅವ್ವನೂ ನಕ್ಕಳು. ನಕ್ಕು, ಸೆರಗು ಸರಿಮಾಡಿಕೊಂಡು, ಅಡಿಗೆಮನೆಗೆ ಹೋಗಿ ಪಾತ್ರೆ ತೊಳೆಯುತ್ತ ನಿಂತಳು. ಆ ರಾತ್ರಿ ನನಗೆ ಇಷ್ಟೇ ಹೇಳಿದ್ದು: "ನನ್ನ ಮಾತು ಇಲ್ಲಿ ನಡಿಯಂಗಿಲ್ಲ ಬಿಡವಾ. ಮನ್ಯಾಗ ಆಡಿಕೊಂಡು ಇರತೀನಿ."

ಅಷ್ಟೇ. ಸಿಟ್ಟಿಲ್ಲ, ಅಳು ಇಲ್ಲ. ಆದರೆ ಅಲ್ಲಿಂದಾಚೆಗೆ ಮನೆಗೆ ಯಾರೇ ಬರಲಿ, ನಾವು ಯಾರ ಮನೆಗೇ ಹೋಗಲಿ, ಅವ್ವ ಕೈಮುಗಿದು, ತಲೆಯಾಡಿಸಿ, ಮೂಲೆಯ ಕುರ್ಚಿ ಹುಡುಕಿ ಕೂಡುತ್ತಿದ್ದಳು. "ನಿಮ್ಮಮ್ಮ ಎಷ್ಟು ಸೈಲೆಂಟು ಅಲ್ವಾ," ಎಂದು ಒಬ್ಬಾಕೆ ಹೊಗಳಿದಾಗ ನನಗೆ ಮೈಯೆಲ್ಲ ಉರಿದುಹೋಯಿತು. ಮಾರ್ಚಿಗೆ ಅವಳು ಊರಿಗೆ ಹೊರಡುವವಳು. ಅಮೆರಿಕಕ್ಕೆ ಬಂದು ಮೂಕಿಯಾಗಿ ಹೋದಳು ಅಂತಾಗಬಾರದು, ಮಂದಿಯ ನಡುವೆ ಆ ದನಿ ಇನ್ನೊಮ್ಮೆಯಾದರೂ ಕೇಳಬೇಕು. ಇದೊಂದೇ ನನ್ನ ತಲೆಯಲ್ಲಿ ಕೊರೆಯುತ್ತಿತ್ತು.

ನನ್ನ ಮಾತಿನ ಕಥೆಯನ್ನೂ ಇಲ್ಲಿ ಹೇಳಬೇಕು. ನನ್ನ ಬಳಿ ಆಗ ಎರಡು ಕನ್ನಡ ಇದ್ದವು. ಒಂದು ಬಿಜಾಪುರಕ್ಕೆ ಫೋನ್ ಹಚ್ಚಿದಾಗ ಆಡುವುದು. ಇನ್ನೊಂದು ಗಂಡ, ಮಗಳು ಮತ್ತು ಕನ್ನಡ ಕೂಟದವರ ಜೊತೆ ಆಡುವುದು. ನನ್ನ ಗಂಡ ಬೆಂಗಳೂರಿನಲ್ಲೇ ಹುಟ್ಟಿ ಬೆಳೆದವರು. ಮದುವೆಯಾದ ಹೊಸತರಲ್ಲಿ ನಾನು "ತಾಟು ತರ್ರಿ" ಎಂದರೆ ಏನು ತರಬೇಕೆಂದು ತಿಳಿಯದೆ ಅಡಿಗೆಮನೆಯ ನಡುವೆ ನಿಂತುಬಿಡುತ್ತಿದ್ದರು. ಊಟ ಆರಿಹೋಗುತ್ತಿತ್ತು. ಹಾಗಾಗಿ ನಾನೇ ತಟ್ಟೆ ಎನ್ನುವುದನ್ನು ಕಲಿತೆ. ಒಂದು ಪದದ ಹಿಂದೆ ಇನ್ನೊಂದು ಬಂತು. 2001ರಲ್ಲಿ ವಾಲ್‌ನಟ್‌ಗೆ ಬರುವ ಹೊತ್ತಿಗೆ ನನ್ನ ಬೆಂಗಳೂರು ಕನ್ನಡ ಎಷ್ಟು ಪಕ್ಕಾ ಆಗಿತ್ತೆಂದರೆ ಯಾರೂ ನನ್ನ ಊರು ಕೇಳುತ್ತಿರಲಿಲ್ಲ.

ಫೆಬ್ರವರಿಯಲ್ಲಿ ಸ್ಯಾನ್ ಡಿಯಾಗೋದ ಆ ಗೆಳತಿ ಫೋನ್ ಮಾಡಿದಳು. ಟೊರ್ರಿ ಪೈನ್ಸ್‌ನ ಒಂದು ಲ್ಯಾಬಿನಲ್ಲಿ ಪ್ರೋಟೀನುಗಳ ಮೇಲೆ ಕೆಲಸ ಮಾಡುವವಳು. ಅವಳ ಮಗನೂ ನಾಲ್ಕನೇ ಕ್ಲಾಸು, ಅವರ ಮನೆಯಲ್ಲೂ ಮೇಜಿನ ಮೇಲೆ ಕೋಟೆ. "ನಿಮಗೂ ನಮಗೂ ಮಧ್ಯದಲ್ಲೇ ಒಂದು ಮಿಶನ್ ಇದೆ ಕಣ್ರೀ. ಭೂಕಂಪದಲ್ಲಿ ಬಿದ್ದಿದ್ದ ಚರ್ಚನ್ನ ಈಗ ರಿಪೇರಿ ಮಾಡಿ ಗಟ್ಟಿ ಮಾಡಿದಾರಂತೆ. ಶನಿವಾರ ಬನ್ನಿ, ಮಕ್ಕಳಿಗೆ ತೋರಿಸೋಣ. ಪಕ್ಕದಲ್ಲೇ ಒಳ್ಳೆ ಬೇಕರಿ ಇದೆ. ಆಂಟೀನೂ ಕರ್ಕೊಂಡು ಬನ್ನಿ," ಎಂದಳು.

ಹುಟ್ಟುಹಬ್ಬದ ದಿನ ಮೊದಲು ನಕ್ಕವಳು ಇವಳೇ ಎಂಬ ಸಿಟ್ಟು ನನಗಿನ್ನೂ ಆರಿರಲಿಲ್ಲ. ಆಗುವುದಿಲ್ಲ ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವ್ವ ಪಕ್ಕದಿಂದ, "ಎಲ್ಲಿಗಿ?" ಎಂದಳು. "ಕ್ವಾಟಿ ನೋಡಾಕ," ಎಂದೆ. ಅವಳ ಮುಖ ಅರಳಿತು. ಎಷ್ಟಾದರೂ ಕೋಟೆಯ ಮಗ್ಗುಲಲ್ಲಿ ಬಾಳಿದವಳು. ನಾನು ಫೋನಿಗೆ "ಬರ್ತೀವಿ" ಎಂದುಬಿಟ್ಟೆ.

ಐವತ್ತೇಳನೇ ಹೈವೇ ಹಿಡಿದು, ಐದನೆಯದಕ್ಕೆ ಸೇರಿ, ಪ್ರಿಂಟ್ ತೆಗೆದ ದಾರಿಯ ಹಾಳೆಗಳನ್ನು ನಾನು ಓದುತ್ತ, ನನ್ನ ಗಂಡ ಅದನ್ನು ಕೇಳದೆ ತಮಗೆ ತಿಳಿದಂತೆ ಡ್ರೈವ್ ಮಾಡುತ್ತ ಹೋದೆವು. ಮಳೆ ಬಂದು ಹೋಗಿತ್ತು. ವರ್ಷವಿಡೀ ಒಣಗಿರುವ ಗುಡ್ಡಗಳಿಗೆ ಆ ಕೆಲವು ವಾರಗಳ ಹಸಿರು ಬಂದಿತ್ತು. ಅವ್ವ ಇಳಕಲ್ ಸೀರೆ ಉಟ್ಟು, ಕಾಲಿಗೆ ನನ್ನ ಸ್ಪೋರ್ಟ್ಸ್ ಶೂ ಹಾಕಿ, ಮೇಲೊಂದು ಅಳಿಯನ ಜಾಕೆಟ್ ತೊಟ್ಟಿದ್ದಳು. ಕಾರಿನೊಳಗೆ ದಾರಿಯುದ್ದಕ್ಕೂ ಮಾತು. ಪಾರ್ಕಿಂಗಿನಲ್ಲಿ ಗೆಳತಿ ಮತ್ತು ಅವಳ ಮಗ ಕಾಣಿಸಿದ್ದೇ ತಡ, ರೇಡಿಯೋ ಆರಿಸಿದಂತೆ ನಿಂತುಹೋಯಿತು.

"ಹೇಗಿದೀರಾ ಆಂಟಿ?"

ಅವ್ವ ಕೈಮುಗಿದು ತಲೆಯಾಡಿಸಿದಳು.

ಒಳಗೆ ಹೋದ ಕೂಡಲೆ ನನ್ನ ಗಂಡ ಇಂಥ ಕಡೆ ಹೋದ ಪ್ರತಿ ಭಾರತೀಯನೂ ಹೇಳುವ ಮಾತನ್ನು ಹೇಳಿ ಮುಗಿಸಿದರು: ಇದಕ್ಕಿಂತ ಹಳೆಯ ಬಾವಿ ನಮ್ಮ ತಾತನ ತೋಟದಲ್ಲಿದೆ ಎಂದು. ಯಾರೂ ನಗಲಿಲ್ಲ. ನನಗಂತೂ ಆ ಜಾಗ ಹಿಡಿಸಿತು. ಉದ್ದಕ್ಕೆ ಕಮಾನುಗಳ ಪಡಸಾಲೆ, ನಡುವೆ ನೀರಿನ ಕೊಳ, ಪಕ್ಕದಲ್ಲಿ ಬಿದ್ದುಹೋದ ದೊಡ್ಡ ಕಲ್ಲಿನ ಚರ್ಚು. ಅದರ ಅರ್ಧ ಗುಮ್ಮಟ ಬಾನಿಗೆ ಬಾಯಿ ತೆರೆದು ನಿಂತಿತ್ತು. ರಿಪೇರಿ ಮಾಡಿದವರು ಬಿದ್ದದ್ದನ್ನು ಮತ್ತೆ ಕಟ್ಟುವ ಗೋಜಿಗೆ ಹೋಗಿರಲಿಲ್ಲ. ಉಳಿದದ್ದು ಇನ್ನು ಬೀಳಬಾರದು ಎಂಬಷ್ಟು ಮಾತ್ರ ಗಟ್ಟಿ ಮಾಡಿದ್ದರು. ಹೊಸ ಗಾರೆಯ ಬಣ್ಣ ಹಳೆಯದಕ್ಕೆ ಎಷ್ಟು ಹೊಂದಿತ್ತೆಂದರೆ ಎಲ್ಲಿ ಹಳೆಯದು ಮುಗಿಯಿತು ಎಂದು ಬೆರಳಿಟ್ಟು ನೋಡಬೇಕಾಗಿತ್ತು. ಮಕ್ಕಳಿಗೆ ಮಾತ್ರ ಅದು ಕ್ಯಾಸಲ್ಲೇ. ರಾಜಕುಮಾರಿ ಎಲ್ಲಿದ್ದಳು, ಸೆರೆಮನೆ ಎಲ್ಲಿತ್ತು ಎಂದು ಹುಡುಕುತ್ತ ಓಡಿದವು.

ನಮ್ಮನ್ನು ಸುತ್ತಿಸಿದ್ದು ಒಬ್ಬ ಮುದುಕ ಗೈಡು, ಅಗಲವಾದ ಹ್ಯಾಟಿನ ವಾಲಂಟಿಯರ್. ನಮ್ಮ ಜೊತೆ ಬೇರೆ ಊರಿನ ಹತ್ತಾರು ಟೂರಿಸ್ಟರೂ ಇದ್ದರು. ಗೈಡು ಹೇಳಿದ್ದನ್ನು ನಾನು ಅವ್ವನ ಕಿವಿಯಲ್ಲಿ ಮೆಲ್ಲಗೆ ಹೇಳುತ್ತಿದ್ದೆ. ಅವಳು ಹೂಂ, ಹೂಂ ಎನ್ನುತ್ತ ಗುಂಪಿನ ಕೊನೆಯಲ್ಲಿ ನಡೆಯುತ್ತಿದ್ದಳು. ಆದರೆ ಕಣ್ಣು ಗೋಡೆಯ ಮೇಲಿಂದ ಕದಲುತ್ತಿರಲಿಲ್ಲ.

ಪಡಸಾಲೆಯ ಕೊನೆಗೆ ಒಂದು ಪರೀಕ್ಷೆಯ ಗೋಡೆ ಇತ್ತು. ಮಕ್ಕಳು ಬ್ರಷ್ಷಿನಿಂದ ಸುಣ್ಣ ಬಳಿದು ನೋಡಲಿ ಎಂದು ಮಾಡಿದ್ದು. ಗೈಡು ಒಂದು ಬಕೆಟ್ಟಿನಲ್ಲಿ ಸುಣ್ಣದ ನೀರು ಕಲಸಿದ. ಇನ್ನೊಂದು ಬಕೆಟ್ಟಿನಿಂದ ಲೋಳೆಲೋಳೆಯಾದ, ಎಳೆ ಬಿಡುವ ದ್ರವವೊಂದನ್ನು ಅದಕ್ಕೆ ಸುರಿದ. ಇದನ್ನು ಸೇರಿಸಿದರೆ ಸುಣ್ಣ ಉದುರುವುದಿಲ್ಲ, ಹಳೆ ಕಾಲದವರು ಮಾಡಿದ್ದೂ ಹೀಗೇ, ನಾವು ರಿಪೇರಿಗೂ ಇದನ್ನೇ ಬಳಸಿದೆವು ಎಂದ.

ಅವ್ವ ಅದನ್ನು ಕಂಡದ್ದೇ ನನ್ನ ತೋಳು ಹಿಡಿದು ಜಗ್ಗಿದಳು. ಕಿವಿಯ ಹತ್ತಿರ ಬಾಯಿ ತಂದು, ಕಳ್ಳತನದಲ್ಲಿ ಕೇಳುವವಳಂತೆ, "ಕೇಳು ಅವಂಗ. ಈ ಗ್ವಾಡ್ಯಾಗ ತತ್ತಿ ಐತೇನು?" ಎಂದಳು.

ಇದು ತಮಾಷೆಯಲ್ಲ. ನಮ್ಮೂರ ಕೋಟೆಯ ಗಚ್ಚಿಗೆ ಬೆಲ್ಲ ಹಾಕಿದ್ದರು, ತತ್ತಿ ಹಾಕಿದ್ದರು, ಅದಕ್ಕೇ ತೋಪಿನ ಗುಂಡಿಗೂ ಜಗ್ಗಲಿಲ್ಲ ಎಂದು ಹಿರಿಯರು ಹೇಳುತ್ತಿದ್ದರು. ನಿಜವೋ ಸುಳ್ಳೋ ನನಗೆ ಗೊತ್ತಿಲ್ಲ. ಆದರೆ ನಮ್ಮ ಮನೆಯಲ್ಲಿ ಅದನ್ನು ನಂಬಿದ್ದರು. ಅವ್ವನ ಅವ್ವ ಎಷ್ಟು ಕಟ್ಟುನಿಟ್ಟಿನವಳೆಂದರೆ, ಮನೆಯ ಹಿಂದಿನ ಕೋಟೆಗೋಡೆಗೆ ಹುಡುಗಿಯರು ಬೆನ್ನು ಹಚ್ಚಿದರೆ ಮತ್ತೆ ಸ್ನಾನ ಮಾಡಿಸಿ, ಆಮೇಲೆಯೇ ಲಿಂಗಪೂಜೆಗೆ ಬಿಡುತ್ತಿದ್ದಳು. ಅಷ್ಟು ದೊಡ್ಡ ಗೋಡೆಯ ನೆರಳಿನಲ್ಲಿ ಹುಟ್ಟಿ, ಆಡಿ, ಬೆಳೆದು, ಮಕ್ಕಳನ್ನು ಹೆತ್ತು, ಮೊಮ್ಮಗಳನ್ನು ಕಂಡ ಅವ್ವ ಆ ಗೋಡೆಗೆ ಒಂದು ದಿನವೂ ಒರಗಿದವಳಲ್ಲ. ಅವಳ ಪಾಲಿಗೆ ಅದು ದೊಡ್ಡ ಕೇಕು ಇದ್ದ ಹಾಗೆ.

ಈ ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಹೇಗೆ ಕೇಳುವುದು, ಗೆಳತಿಯ ಎದುರಿಗೆ ಕೇಳುವುದೋ ಬೇಡವೋ ಎಂದು ನಾನು ಲೆಕ್ಕ ಹಾಕುತ್ತಿದ್ದೆ. ಅಷ್ಟರಲ್ಲಿ ಪಕ್ಕದಲ್ಲಿ ಬ್ರಷ್ ಹಿಡಿದು ನಿಂತಿದ್ದ ಮಗಳು ಕ್ಲಾಸಿನಲ್ಲಿ ಎತ್ತುವ ಹಾಗೆ ಕೈಯೆತ್ತಿ, ಗಟ್ಟಿಯಾಗಿ, ಸ್ಪಷ್ಟವಾದ ಇಂಗ್ಲಿಷಿನಲ್ಲಿ ಕೇಳಿಯೇಬಿಟ್ಟಳು: ನಮ್ಮ ಅಜ್ಜಿಗೆ ಒಂದು ವಿಷಯ ತಿಳಿಯಬೇಕಾಗಿದೆ, ಈ ಗೋಡೆಯಲ್ಲಿ ಮೊಟ್ಟೆ ಇದೆಯಾ?

ಇಡೀ ಗುಂಪು ನಕ್ಕಿತು. ಕುಕ್ಕರಿನ ಸೀಟಿಯೂ ಕೂಗಿತು. ಅವ್ವ ಸೆರಗಿಗೆ ಕೈ ಹಾಕಿದಳು. ಮುಗಿಯಿತು, ಇನ್ನು ಊರಿಗೆ ಹೋಗುವ ತನಕ ಇವಳು ಬಾಯಿ ಬಿಡುವುದಿಲ್ಲ ಎಂದುಕೊಂಡೆ.

ಆದರೆ ಗೈಡು ನಗಲಿಲ್ಲ. ಹ್ಯಾಟು ತೆಗೆದು ಕೈಯಲ್ಲಿ ಹಿಡಿದುಕೊಂಡ. ಒಳ್ಳೆಯ ಪ್ರಶ್ನೆ, ಇಷ್ಟು ವರ್ಷದಲ್ಲಿ ಇದನ್ನು ಯಾರೂ ಕೇಳಿಲ್ಲ ಎಂದ. ಎಷ್ಟೋ ದೇಶಗಳಲ್ಲಿ ಗಾರೆಗೆ ಮೊಟ್ಟೆಯ ಲೋಳೆ ಹಾಕುತ್ತಿದ್ದರು, ಹಾಲು ಹಾಕುತ್ತಿದ್ದರು, ಪ್ರಾಣಿಗಳ ರಕ್ತವನ್ನೂ ಹಾಕುತ್ತಿದ್ದರು. ಇಲ್ಲಿ ಮಾತ್ರ ನಮಗೆ ತಿಳಿದ ಮಟ್ಟಿಗೆ ಮೊಟ್ಟೆ ಇಲ್ಲ, ಇದು ಕಳ್ಳಿಯ ರಸ ಎಂದು ಬಕೆಟ್ಟಿನೊಳಗಿಂದ ಅಗಲವಾದ ಹಸಿರು ತುಂಡೊಂದನ್ನು ಎತ್ತಿ ಅವ್ವನಿಗೇ ತೋರಿಸಿದ. ಎಲ್ಲರ ಮುಂದೆ, ನೇರವಾಗಿ ಅವಳ ಕಡೆ ತಿರುಗಿ.

ಮಗಳಿಗೆ ಈಗ ಪೇಚಾಟವಾಯಿತು. ಅವಳು ಕನ್ನಡವನ್ನು ಕೇಳಿಸಿಕೊಳ್ಳುವವಳೇ ಹೊರತು ಆಡುವವಳಲ್ಲ. ನಾವು ಏನೇ ಕೇಳಿದರೂ ಉತ್ತರ ಇಂಗ್ಲಿಷಿನಲ್ಲೇ. ಪ್ರಶ್ನೆ ಕೇಳಿದವಳು ತಾನು, ಉತ್ತರ ಮುಟ್ಟಿಸಬೇಕಾದವಳೂ ತಾನೇ. ಒಂದು ಗಳಿಗೆ ನನ್ನ ಮುಖ ನೋಡಿದಳು. ನಾನು ಬೇಕೆಂದೇ ಗುಮ್ಮಟದ ಕಡೆ ತಿರುಗಿದೆ.

"ಅಜ್ಜಿ, ತತ್ತಿ ಇಲ್ಲ," ಎಂದಳು. "ಅದು... ಗಿಡ. ಮುಳ್ಳು ಗಿಡ. ಅದರ ಜ್ಯೂಸು."

ಅವ್ವ ಹಸಿರು ತುಂಡನ್ನು ನೋಡಿದಳು. ಮುಂದೆ ಹೋಗಿ ಬೆರಳಿನಿಂದ ಮುಟ್ಟಿ, ಎಳೆ ಎಳೆದು ನೋಡಿದಳು. "ಅಯ್ಯ! ಪಾಪಾಸ ಕಳ್ಳಿ!" ಎಂದಳು. ಮೆಲ್ಲಗಲ್ಲ. ಹಿಟ್ಟಿನ ಗಿರಣಿಯವನಿಗೆ ಕೇಳುವ ದನಿಯಲ್ಲಿ. "ನಮ್ಮ ಹಿತ್ತಲ ತುಂಬ ಬೆಳದೈತಿ ಇದು! ಹಣ್ಣು ತಿಂದು ನಾಲಿಗಿ ಕೆಂಪಗ ಮಾಡಿಕೊಂಡು ಹೊಡಸಿಕೊಂಡೀನಿ!"

ಹೇಳಿದವಳೇ ಪಡಸಾಲೆ ದಾಟಿ ದೊಡ್ಡ ಗೋಡೆಯ ಹತ್ತಿರ ಹೋದಳು. ತಿರುಗಿ ನಿಂತಳು. ಜಾಕೆಟ್ಟು ಸರಿಮಾಡಿಕೊಂಡಳು. ಆಮೇಲೆ ನಿಧಾನವಾಗಿ, ನೀರಿಗೆ ಕಾಲಿಡುವವಳಂತೆ, ಬೆನ್ನನ್ನು ಗೋಡೆಗೆ ಹಚ್ಚಿದಳು. ಭುಜ ಹಚ್ಚಿದಳು. ತಲೆಯ ಹಿಂಭಾಗವನ್ನೂ ಹಚ್ಚಿದಳು. ಬಿಸಿಲಿಗೆ ಕಾದಿದ್ದ ಗೋಡೆ. ಕಣ್ಣು ಮುಚ್ಚಿಕೊಂಡು ನಕ್ಕಳು.

"ಎಷ್ಟ ಬೆಚ್ಚಗ ಐತೆವಾ," ಎಂದಳು. "ಗ್ವಾಡಿಗೆ ಆನಿಕೊಂಡು ನಿಂದ್ರೂದು ಇಷ್ಟ ಸುಖ ಅಂತ ಯಾರೂ ಹೇಳಲೇ ಇಲ್ಲ ನೋಡು ನನಗ."

ನಗುತ್ತಿದ್ದವರೆಲ್ಲ ಅವಳನ್ನೇ ನೋಡುತ್ತಿದ್ದರು. ಅವಳು ಏನು ಮಾಡುತ್ತಿದ್ದಾಳೆಂದು ಅವರಿಗೇನು ತಿಳಿದೀತು? ನನಗೆ ತಿಳಿದಿತ್ತು. ಮಗಳ ಬೆನ್ನ ಮೇಲೆ ಕೈಯಿಟ್ಟೆ. ಅವಳು, "ವಾಟ್?" ಎಂದಳು.

ಒಮ್ಮೆ ಬಿಟ್ಟ ಬಾಯಿ ಆಮೇಲೆ ಮುಚ್ಚಲಿಲ್ಲ. ಸುಣ್ಣ ಎಲ್ಲಿ ಸುಟ್ಟರು? ಚಿಪ್ಪಿನದೋ ಕಲ್ಲಿನದೋ? ಮಳೆಗಾಲದಲ್ಲಿ ಮಣ್ಣಿನ ಇಟ್ಟಿಗೆ ಕರಗಲಿಲ್ಲವೇ? ಅವ್ವ ಕೇಳಿದಳು, ಮಗಳು ಅರ್ಧ ತಿಳಿದು ಇಂಗ್ಲಿಷಿನಲ್ಲಿ ಕೇಳಿದಳು, ಉಳಿದರ್ಧಕ್ಕೆ ನಾನು ಸೇರಿದೆ. ಗೈಡಿಗೂ ಉಮೇದು ಬಂದಿತ್ತು. ಕೊನೆಗೆ ಅವ್ವ, "ಇದನ್ನ ಯಾರ ಕೈಲೆ ಕಟ್ಟಿಸ್ಯಾರ? ಪಾದ್ರಿಗಳು ತಾವ ಕಲ್ಲು ಹೊತ್ತಿರಲಿಕ್ಕಿಲ್ಲ," ಎಂದಳು.

ಗೈಡು ಹೇಳಿದ. ಇಲ್ಲಿಯ ಮೂಲದ ಜನ. ಈ ಬೆಟ್ಟಗಳಲ್ಲಿ ಸಾವಿರಾರು ವರ್ಷ ಬಾಳಿದವರು. ಅವರಿಂದಲೇ ಇಟ್ಟಿಗೆ ಹೊಡೆಸಿದ್ದು, ಹೊಳೆಯಿಂದ ಕಲ್ಲು ಹೊರಿಸಿದ್ದು. ಬಿಟ್ಟು ಹೋಗುತ್ತೇನೆ ಎಂದವರನ್ನು ಬಿಡುತ್ತಿರಲಿಲ್ಲ. ಓಡಿದವರನ್ನು ಹಿಡಿದು ತಂದು ಹೊಡೆಯುತ್ತಿದ್ದರು. ಅವರ ಮಾತನ್ನೂ ಬಿಡಿಸಿದರು.

ಇದನ್ನು ಅವ್ವನಿಗೆ ನಾನೇ ಹೇಳಿದೆ. ಅವಳು ಗೋಡೆಯಿಂದ ಬೆನ್ನು ತೆಗೆದು ತಿರುಗಿ ನಿಂತು, ಎರಡೂ ಅಂಗೈಗಳನ್ನು ಗಾರೆಯ ಮೇಲಿಟ್ಟು, ಆಮೇಲೆ ಅವನ್ನು ಕಣ್ಣಿಗೆ ಒತ್ತಿಕೊಂಡಳು.

"ಹಂಗಾರ ಇದು ಅವರದ ಕ್ವಾಟಿ," ಎಂದಳು.

ಹೊರಗೆ ಬರುವ ಹೊತ್ತಿಗೆ ಎಲ್ಲರಿಗೂ ಹಸಿವು. ಗೆಳತಿ ಹೇಳಿದ್ದ ಬೇಕರಿ ರೈಲು ಹಳಿಯ ಆಚೆ, ಎರಡು ಓಣಿ ದಾಟಿದರೆ ಸಿಗುತ್ತಿತ್ತು. ಮೆಕ್ಸಿಕೋ ಕಡೆಯವರದು. ಬಾಗಿಲು ತೆರೆದದ್ದೇ ಬೆಲ್ಲ ಮತ್ತು ದಾಲ್ಚಿನ್ನಿಯ ವಾಸನೆ. ಅವ್ವ ಹೊಸ್ತಿಲಲ್ಲೇ ನಿಂತು ಮೂಗು ಅರಳಿಸಿದಳು. ಅಲ್ಲಿಯ ರೂಢಿಯಂತೆ ದುಂಡಗಿನ ತಟ್ಟೆಯೊಂದನ್ನೂ ಇಕ್ಕಳವೊಂದನ್ನೂ ಹಿಡಿದು, ಗಾಜಿನ ಕಪಾಟುಗಳಿಂದ ಬೇಕಾದ್ದನ್ನು ನಾವೇ ಆರಿಸಿಕೊಳ್ಳಬೇಕು. ಕಪಾಟು ತುಂಬ ಬಗೆಬಗೆಯ ತಿನಿಸು. ಚಿಪ್ಪಿನ ಗೆರೆಗಳಂತೆ ಸಕ್ಕರೆ ಹಚ್ಚಿದ ಗುಲಾಬಿ, ಹಳದಿ ಬನ್ನುಗಳು. ಥೇಟ್ ನಮ್ಮ ಕಡಬಿನ ಆಕಾರದ, ಕುಂಬಳಕಾಯಿ ಹೂರಣದವು. ಆನೆಕಿವಿಯಂತೆ ಎರಡು ಸುರುಳಿ ಸುತ್ತಿದ, ಪದರ ಪದರದವು.

ಬೆಳಗಿನ ಅವ್ವನಾಗಿದ್ದರೆ ಬಾಗಿಲ ಬಳಿ ಕುರ್ಚಿ ಹುಡುಕುತ್ತಿದ್ದಳು. ಈಗ ಇಕ್ಕಳ ಹಿಡಿದು ಮುಂದೆ ನಡೆದಳು. ಗುಲಾಬಿ ಬನ್ನಿನ ಮುಂದೆ ನಿಂತು, ಕೌಂಟರಿನ ಹಿಂದಿದ್ದ ಏಪ್ರನ್ನಿನ ಹೆಂಗಸನ್ನು ನೋಡಿ, ಇಡೀ ಅಂಗಡಿಗೆ ಕೇಳುವಂತೆ, "ಇದರಾಗ ತತ್ತಿ ಐತೇನವಾ?" ಎಂದಳು.

ನಾನು ಗೆಳತಿಯ ಮುಖವನ್ನೇ ನೋಡಿದೆ. ಈ ಸಲ ನಕ್ಕರೆ ಅಲ್ಲೇ 'ಏನ್ರೀ ಅದು ನಗೂದು' ಎಂದು ಕೇಳಿಬಿಡಲು ತಯಾರಾಗಿದ್ದೆ. ಅವಳು ನಗಲಿಲ್ಲ. ಮುಂದೆ ಬಂದು ಅವ್ವನ ಪಕ್ಕ ನಿಂತು, ತನಗೆ ಬರುತ್ತಿದ್ದ ಚೂರುಪಾರು ಸ್ಪ್ಯಾನಿಷಿನಲ್ಲಿ, "ವೆವೋ?" ಎಂದು ಕೇಳಿದಳು. ಹೆಂಗಸು ಹೌದೆಂದು ತಲೆಯಾಡಿಸಿದಳು. ಅವ್ವ ಕಡಬಿನ ಕಡೆ ಇಕ್ಕಳ ತೋರಿಸಿದಳು. ಗೆಳತಿ ಮತ್ತೆ ಕೇಳಿ, "ಇದ್ರಲ್ಲಿ ಮೊಟ್ಟೆ ಇಲ್ಲ ಆಂಟಿ, ಆದ್ರೆ ತಡೀರಿ, ಇಲ್ಲಿ ಮೊಟ್ಟೆ ಒಂದು ಕೇಳಿದ್ರೆ ಸಾಲದು," ಎಂದು, "ಮಂತೇಕಾ?" ಎಂದಳು. ಹೆಂಗಸು ಹೌದೆಂದಳು.

"ಅದೇನದು ಮಂತೇಕಾ?" ಎಂದಳು ಅವ್ವ.

"ಹಂದಿ ಕೊಬ್ಬು ಆಂಟಿ."

ಅವ್ವ ಇಕ್ಕಳವನ್ನು ಹಾವು ಕಂಡಂತೆ ಹಿಂದಕ್ಕೆ ಎಳೆದುಕೊಂಡಳು. ಆದರೆ ಪದವನ್ನು ಬಿಡಲಿಲ್ಲ. ಮುಂದಿನ ಕಪಾಟಿನಿಂದ ತಾನೇ ಶುರುಮಾಡಿದಳು: "ಮಂತೇಕಾ?" ಕತ್ತು ಅತ್ತ ಇತ್ತ ಆಡಿಸಿ. ಹೆಂಗಸು ಹೌದೆಂದು, "ಸೀ." ಇನ್ನೊಂದಕ್ಕೆ, "ವೆವೋ?" "ಸೀ." ಕಪಾಟಿನಿಂದ ಕಪಾಟಿಗೆ, ಆ ಇಬ್ಬರು ಹೆಂಗಸರ ಸವಾಲು ಜವಾಬು ನಡೆಯಿತು. ಸಾಲಿನಲ್ಲಿ ನಿಂತವರು ದಾರಿ ಬಿಟ್ಟು ನೋಡುತ್ತಿದ್ದರು. ಆನೆಕಿವಿಯ ಹತ್ತಿರ ಬಂದಾಗ ಹೆಂಗಸು ಎರಡೂ ಕೈ ಎತ್ತಿ, "ನೋ ವೆವೋ! ನೋ ಮಂತೇಕಾ!" ಎಂದಳು. ಬರೀ ಹಿಟ್ಟು, ಬೆಣ್ಣೆ, ಸಕ್ಕರೆ ಎಂದು ಗೆಳತಿ ಬಿಡಿಸಿ ಹೇಳಿದಳು. ಅಂಗಡಿಯಲ್ಲಿ ಯಾರೋ ಚಪ್ಪಾಳೆ ತಟ್ಟಿದರು.

ಹೊರಗಿನ ಬೆಂಚಿನ ಮೇಲೆ ಕೂತು ಅವ್ವ ಅದನ್ನು ಮುರಿದಳು. ಹೊರಗಿನ ತಿನಿಸು ಅಮೆರಿಕದಲ್ಲಿ ಅವಳ ಬಾಯಿಗೆ ಬಿದ್ದದ್ದು ಅದೇ ಮೊದಲು. ಪದರಗಳು ಸೀರೆಯ ಮೇಲೆಲ್ಲ ಉದುರಿದವು. ಅಗಿದು, ಕಣ್ಣು ಕಿರಿದುಮಾಡಿ, ತೀರ್ಪು ಕೊಟ್ಟಳು: "ಚಿರೋಟಿ ಇದ್ದಂಗ ಐತಿ. ಸಕ್ಕರಿ ಒಂದೀಟು ಜಾಸ್ತಿ. ಕೈ ಮಾತ್ರ ಚಲೋ ಐತಿ ಆಕಿದು." ಮಗಳು ಮೊಟ್ಟೆಯ ಗುಲಾಬಿ ಬನ್ನು ತಿನ್ನುತ್ತ ಅವಳಿಗೆ ಒರಗಿ ಕೂತಿದ್ದಳು. ಅವ್ವ ಸರಿದು ಕೂಡಲಿಲ್ಲ.

ಮಕ್ಕಳು, ಅವ್ವ, ನನ್ನ ಗಂಡ ಕಾರಿನ ಕಡೆ ಮುಂದೆ ಹೋದರು. ಅವ್ವನ ದನಿ ಪಾರ್ಕಿಂಗಿನ ಆ ತುದಿಯಿಂದ ನಮಗೆ ಸ್ಪಷ್ಟವಾಗಿ ಕೇಳುತ್ತಿತ್ತು. ಅಳಿಯನಿಗೆ ಗೋಡೆ ಕಟ್ಟುವ ಬಗೆ ಕಲಿಸುತ್ತಿದ್ದಳು. ಗೆಳತಿ ನನ್ನ ಜೊತೆ ಹೆಜ್ಜೆ ಹಾಕುತ್ತ, "ಆವತ್ತು ನಿಮ್ಮನೇಲಿ ನಾನು ನಗಬಾರದಿತ್ತು ಕಣ್ರೀ. ಇಷ್ಟು ಮಾತಾಡ್ತಾರೆ ಅಂತ ನಂಗೆ ಗೊತ್ತೇ ಇರಲಿಲ್ಲ. ಎಷ್ಟು ಚೆನ್ನಾಗಿ ಮಾತಾಡ್ತಾರೆ!" ಎಂದಳು. ಮನಸ್ಸಿನಿಂದಲೇ ಹೇಳಿದ್ದು. ನನ್ನ ಸಿಟ್ಟು ಇಳಿಯಿತು. ಆಮೇಲೆ ಇನ್ನೂ ಒಂದು ಒಳ್ಳೆಯ ಮಾತು ಸೇರಿಸೋಣವೆಂದು, "ನಿಮ್ ಕನ್ನಡ ಮಾತ್ರ ಅವರ ಥರ ಇಲ್ಲ. ನಮ್ ಥರಾನೇ ಇದೆ. ನಿಮ್ಮದು ಬಿಜಾಪುರ ಅಂದ್ರೆ ಯಾರೂ ನಂಬಲ್ಲ ಬಿಡಿ," ಎಂದಳು.

ಹೊಗಳಿಕೆಯೇ. ಇಷ್ಟು ವರ್ಷ ಇಂಥದ್ದಕ್ಕೆ ಥ್ಯಾಂಕ್ಸ್ ಹೇಳಿಕೊಂಡೇ ಬಂದಿದ್ದೆ. ಆದರೆ ಆಗ ತಾನೇ ಆ ದನಿ ಗಾಳಿಯಲ್ಲಿ ತೇಲಿ ಬರುತ್ತಿತ್ತು, ನನ್ನ ನಾಲಿಗೆ ನನ್ನ ಮಾತು ಕೇಳಲಿಲ್ಲ.

"ಯಾಕ ನಂಬಂಗಿಲ್ರೀ? ನಾನೂ ಹಿಂಗ ಮಾತಾಡಾಕಿ," ಎಂದೆ. "ನಿಮಗ ತಿಳೀಲಿ ಅಂತ ಇಷ್ಟ ದಿವಸ ನಿಮ್ಮ ಮಾತು ಆಡಾಕತ್ತಿದ್ದೆ."

ಅವಳು ನಿಂತುಬಿಟ್ಟಳು. ನನ್ನನ್ನು ಮೊದಲ ಸಲ ನೋಡುವವಳಂತೆ ನೋಡಿದಳು. ನಾನೂ ನೋಡಿದೆ, ಕಣ್ಣು ಇಳಿಸಲಿಲ್ಲ. ಆಮೇಲೆ ಅವಳ ಆ ಸೀಟಿ ನಗು ಬಂತು. "ಹಾಗಾದ್ರೆ ಇನ್ಮೇಲೆ ನಿಮ್ಮದನ್ನೇ ಆಡಿ. ನಮಗೆ ತಿಳಿದೇ ಇದ್ರೆ ಕೇಳ್ತೀವಿ," ಎಂದಳು.

ಕಾರಿನ ಹತ್ತಿರ ಅವ್ವ ಮಾತು ನಿಲ್ಲಿಸಿ ನಮ್ಮ ಕಡೆ ತಿರುಗಿದ್ದಳು. ನಾನಾಡಿದ್ದು ಅವಳಿಗೆ ಅಲ್ಲಿಯ ತನಕ ಕೇಳಿತ್ತು. ಅಷ್ಟು ಜೋರಾಗಿ ಮಾತಾಡಿದೆ ಎಂದು ನನಗೆ ಗೊತ್ತೇ ಆಗಿರಲಿಲ್ಲ.